ಮುಂಬೈ ಕಡಲ ದಡದಲ್ಲಿ ದೊಡ್ಡ ಹೋಟೆಲ್ ಆರಿಸುವುದು ಹೇಗೆ: ಮೊದಲು ನೀರು, ಆಮೇಲೆ ಕಟ್ಟಡ, ಕೊನೆಗೆ ಹೆಸರು

ನಮ್ಮವರ ಬಾಯಲ್ಲಿ ಹೋಟೆಲ್ ಅಂದರೆ ಇಡ್ಲಿ, ವಡೆ, ಕಾಫಿ. ಮುಂಬೈಯಲ್ಲಿ ಎಷ್ಟೋ ಕನ್ನಡಿಗರ ಮನೆ ನಡೆದದ್ದೇ ಆ ಹೋಟೆಲ್‌ಗಳಿಂದ. ನನ್ನ ಅಪ್ಪ ಮುಂಬೈಯ ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲ್‌ನಲ್ಲಿ 30 ವರ್ಷ ಗಲ್ಲೆಯಲ್ಲಿ ಕೂತವರು. ಹಾಗಾಗಿ ಊರಿಂದ ಯಾರಾದರೂ ಫೋನ್ ಮಾಡಿ "ಮುಂಬೈಯಲ್ಲಿ ಒಂದು ಒಳ್ಳೆ ಹೋಟೆಲ್ ಹೇಳಮ್ಮ" ಅಂದರೆ ನಾನು ಮೊದಲು ಕೇಳುವುದು, "ಊಟಕ್ಕಾ, ಉಳಿಯೋಕಾ?"

ಈಚೆಗೆ ಉಳಿಯುವುದಕ್ಕೆ ಕೇಳುವವರು ಜಾಸ್ತಿ. ಅಪ್ಪ-ಅಮ್ಮನ ಮದುವೆಯ 50ನೇ ವರ್ಷ, ಯಾರದೋ ರಿಟೈರ್‌ಮೆಂಟ್, ಅಮೆರಿಕದಿಂದ ಬಂದ ಮಗನ ಆಸೆ. ಜೀವನದಲ್ಲಿ ಒಂದು ಸಲ, ಒಂದೆರಡು ರಾತ್ರಿ, ಸಮುದ್ರ ಕಾಣುವ ದೊಡ್ಡ ಹೋಟೆಲ್‌ನಲ್ಲಿ ಇರಬೇಕು ಅಂತ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ರಾತ್ರಿಗೆ ಇಪ್ಪತ್ತು ಸಾವಿರ ಕೊಟ್ಟು ಬೇಜಾರು ಮಾಡಿಕೊಂಡು ಬರುವುದು ನಿಜಕ್ಕೂ ನೋವಿನ ವಿಷಯ. ನಮಗೆ ಹಾಗೆ ಆಗಿದೆ.

ಅಪ್ಪ-ಅಮ್ಮನಿಗೆ ಅಂತ ಕಡಲ ದಡದ ಒಂದು ಹೋಟೆಲ್‌ನಲ್ಲಿ ರೂಮ್ ಮಾಡಿದ್ದೆ. ಹೆಸರು ಹೇಳುವುದಿಲ್ಲ. ಆ್ಯಪ್‌ನಲ್ಲಿ ‘ಸೀ ವ್ಯೂ’ ಅಂತ ಇತ್ತು, ಫೋಟೋದಲ್ಲಿ ಗೋಡೆ ತುಂಬ ಸಮುದ್ರವಿತ್ತು. ಒಳಗೆ ಹೋಗಿ ಪರದೆ ಸರಿಸಿದರೆ ಎದುರಿಗೆ ಪಕ್ಕದ ಕಟ್ಟಡದ ಎ.ಸಿ. ಡಬ್ಬಗಳು, ನೀರಿನ ಪೈಪ್. ಬಲಗಡೆ ಮೂಲೆಯಲ್ಲಿ ಅಂಗೈಯಗಲ ಸಮುದ್ರ. ಅಪ್ಪ ಏನೂ ಅನ್ನಲಿಲ್ಲ. ಕುರ್ಚಿಯನ್ನು ಆ ಮೂಲೆಗೆ ಎಳೆದುಕೊಂಡು, ಕತ್ತು ವಾಲಿಸಿ ಕೂತರು. ಆ ಕತ್ತು ನೋಡಿದ ಮೇಲೆ ನಾನು ಹೋಟೆಲ್ ಆರಿಸುವ ಕ್ರಮವನ್ನೇ ಬದಲಾಯಿಸಿದೆ.

ಮೊದಲ ಹೆಜ್ಜೆ: ಯಾವ ನೀರು?

ಎಲ್ಲರೂ ಹೋಟೆಲ್ ಹೆಸರಿನಿಂದ ಶುರು ಮಾಡುತ್ತಾರೆ. ಮುಂಬೈಯಲ್ಲಿ ನೀರಿನಿಂದ ಶುರು ಮಾಡಬೇಕು. ಏಕೆಂದರೆ ಈ ಊರಿನ ತೆಂಕಣ ತುದಿ ಕಿರಿದಾದ ನಾಲಿಗೆಯ ಹಾಗೆ ಚಾಚಿಕೊಂಡಿದೆ. ಅದರ ಎರಡೂ ಕಡೆ ನೀರು. ಎರಡೂ ಬೇರೆ ಬೇರೆ ನೀರು.

ಪೂರ್ವಕ್ಕೆ ಬಂದರಿನ ನೀರು. ಗೇಟ್‌ವೇ ಆಫ್ ಇಂಡಿಯಾ, ಅಪೊಲೊ ಬಂದರ್, ಕೊಲಾಬಾ ಈ ಕಡೆ. ಇಲ್ಲಿ ಸೂರ್ಯ ಹುಟ್ಟುವುದು ಕಾಣುತ್ತದೆ. ಪಶ್ಚಿಮಕ್ಕೆ ತೆರೆದ ಅರಬ್ಬಿ ಸಮುದ್ರ. ನರಿಮನ್ ಪಾಯಿಂಟ್, ಮರೀನ್ ಡ್ರೈವ್, ಇನ್ನೂ ಮೇಲಕ್ಕೆ ಹೋದರೆ ವರ್ಲಿ, ಬಾಂದ್ರಾ, ಜುಹು. ಇಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆ. ನಿಮ್ಮ ಮನೆಯ ಹಿರಿಯರು ಬೆಳಿಗ್ಗೆ 5ಕ್ಕೆ ಏಳುವವರಾದರೆ ಪೂರ್ವ ದಡ ಅವರಿಗೆ ಹೇಳಿ ಮಾಡಿಸಿದ್ದು. ಸಂಜೆ ವಾಕಿಂಗ್ ಹೋಗಿ ಕಟ್ಟೆ ಮೇಲೆ ಕೂರುವ ಆಸೆಯಿದ್ದರೆ ಮರೀನ್ ಡ್ರೈವ್.

ಕಳೆದ ಸಲ ಗಂಗೊಳ್ಳಿಯಿಂದ ಮಾವ, ಅತ್ತೆ ಬಂದಾಗ ಪೂರ್ವದ ಕಡೆ ರೂಮ್ ಮಾಡಿದೆವು. ಅತ್ತೆ ಕಿಟಕಿಯ ಹತ್ತಿರ ನಿಂತು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಇದೆಂಥ ಸಮುದ್ರ? ತೆರೆಯೇ ಇಲ್ವಲ್ಲ. ನಮ್ಮ ಅಳಿವೆ ಹಾಗೇ ಇದೆ." ಅವರು ಹೇಳಿದ್ದು ಸರಿ. ಬಂದರಿನ ಆಚೆ ದಡದಲ್ಲಿ ಉರಣ್, ರಾಯಗಡದ ನೆಲ ಇದೆ. ನೀರು ಎರಡು ನೆಲಗಳ ನಡುವೆ ಸಿಕ್ಕಿಕೊಂಡಿದೆ, ಹಾಗಾಗಿ ದೊಡ್ಡ ತೆರೆ ಏಳುವುದಿಲ್ಲ. ಆದರೆ ನೋಡಲು ಕೆಲಸವಿರುವ ನೀರು ಅದು. ಎಲಿಫೆಂಟಾ ದ್ವೀಪಕ್ಕೆ ಹೋಗುವ ಲಾಂಚ್‌ಗಳು, ಹಾಯಿದೋಣಿಗಳು, ದೂರದಲ್ಲಿ ಲಂಗರು ಹಾಕಿದ ಹಡಗುಗಳು. ಮೀನುಗಾರರ ಊರಿನವರಾದ ಮಾವ ಇಡೀ ಬೆಳಿಗ್ಗೆ ಯಾವ ದೋಣಿ ಯಾವುದು ಅಂತ ಹೇಳುತ್ತಾ ಕೂತರು. ಟಿ.ವಿ. ಹಾಕಲೇ ಇಲ್ಲ.

ತೆರೆ ಬೇಕು, ಸದ್ದು ಬೇಕು ಅನ್ನುವವರು ಪಶ್ಚಿಮಕ್ಕೇ ಹೋಗಬೇಕು. ಅಲ್ಲೂ ಒಂದು ಸೂಕ್ಷ್ಮ ಇದೆ. ಮರೀನ್ ಡ್ರೈವ್ ಬಿಲ್ಲಿನ ಹಾಗೆ ಬಾಗಿದೆ. ನರಿಮನ್ ಪಾಯಿಂಟ್ ತುದಿಯಿಂದ ನೋಡಿದರೆ ಸೂರ್ಯ ನೇರ ನೀರಿಗೇ ಇಳಿಯುತ್ತಾನೆ. ಗಿರ್‌ಗಾಂವ್ ಚೌಪಾಟಿಯ ಕಡೆ ಹೋದಂತೆ ಮಲಬಾರ್ ಹಿಲ್ ಅಡ್ಡ ಬರುತ್ತದೆ, ಸೂರ್ಯ ಕಟ್ಟಡಗಳ ಹಿಂದೆ ಮರೆಯಾಗುತ್ತಾನೆ. ಸೂರ್ಯಾಸ್ತಕ್ಕೆಂದೇ ಹೋಗುವವರು ತುದಿಯ ಕಡೆಯ ಹೋಟೆಲ್ ನೋಡಿ.

ಯಾವ ಏರಿಯಾ, ಯಾರಿಗೆ?

ಹಳೆಯ ಮುಂಬೈ ನೋಡಬೇಕು ಅಂದರೆ ಕೊಲಾಬಾ, ಫೋರ್ಟ್, ಚರ್ಚ್‌ಗೇಟ್, ನರಿಮನ್ ಪಾಯಿಂಟ್ ಬಿಟ್ಟು ಬೇರೆ ಕಡೆ ಉಳಿಯಬೇಡಿ. ಸಿ.ಎಸ್.ಎಂ.ಟಿ. (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ 1888ರಲ್ಲಿ ಮುಗಿದ ಕಟ್ಟಡ, 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಓವಲ್ ಮೈದಾನದ ಒಂದು ಕಡೆ ಹೈಕೋರ್ಟ್, ರಾಜಾಬಾಯಿ ಟವರ್‌ನಂಥ ಗೋಥಿಕ್ ಕಟ್ಟಡಗಳು. ಇನ್ನೊಂದು ಕಡೆ 1930ರ ದಶಕದ ಆರ್ಟ್ ಡೆಕೊ ಶೈಲಿಯ ಮನೆಗಳು. ಇವಕ್ಕೂ ಮರೀನ್ ಡ್ರೈವ್‌ನ ಡೆಕೊ ಸಾಲಿಗೂ ಸೇರಿ 2018ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿತು. ಇದೆಲ್ಲ ಎರಡು-ಮೂರು ಕಿಲೋಮೀಟರ್ ಒಳಗೇ ಇದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಹೋಟೆಲ್‌ನಿಂದ ನಡೆದುಕೊಂಡು ಹೊರಟುಬಿಡಬಹುದು.

ಬಾಂದ್ರಾದ ತುದಿಯಲ್ಲಿ ಪೋರ್ಚುಗೀಸರ ಕೋಟೆಯ ಪಕ್ಕದಲ್ಲೇ ತಾಜ್ ಲ್ಯಾಂಡ್ಸ್ ಎಂಡ್ ಇದೆ, ಕಿಟಕಿಯಿಂದ ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಕಾಣುತ್ತದೆ. ಜುಹು ಬೀಚಿಗೆ ತಾಗಿದಂತೆ ಜೆ.ಡಬ್ಲ್ಯೂ. ಮ್ಯಾರಿಯಟ್. ವರ್ಲಿಯಲ್ಲಿ ಫೋರ್ ಸೀಸನ್ಸ್. ಒಳ್ಳೆಯ ಹೋಟೆಲ್‌ಗಳೇ. ಮಕ್ಕಳಿಗೆ ಮರಳು ಬೇಕು, ಮರುದಿನ ಬೆಳಿಗ್ಗೆ ಫ್ಲೈಟ್ ಇದೆ ಅನ್ನುವವರಿಗೆ ಜುಹು ಸರಿ. ಆದರೆ ಅಲ್ಲಿಂದ ದಿನಾ ಗೇಟ್‌ವೇಗೆ ಹೋಗಿ ಬರುವ ಲೆಕ್ಕ ಹಾಕಬೇಡಿ, ದಿನದ ಅರ್ಧ ರಸ್ತೆಯಲ್ಲೇ ಕಳೆಯುತ್ತದೆ.

ಹಳೇ ಕಟ್ಟಡವಾ, ಟವರಾ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ದುಡ್ಡಿನ ವ್ಯತ್ಯಾಸ ಹೆಚ್ಚಾಗಿ ಇಲ್ಲೇ ಆಗುವುದು.

ತಾಜ್ ಮಹಲ್ ಪ್ಯಾಲೇಸ್ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ಕ್ಕೆ, ಜಮ್ಷೆಡ್‌ಜಿ ಟಾಟಾ ಕಟ್ಟಿಸಿದ್ದು. ಗೇಟ್‌ವೇ ಆಫ್ ಇಂಡಿಯಾ ಅದರ ಮುಂದಿದೆಯಲ್ಲ, ಅದು ಪೂರ್ತಿಯಾದದ್ದು 1924ರಲ್ಲಿ. ಅಂದರೆ ಹೋಟೆಲ್ಲೇ ಹಿರಿಯದು. ಹಡಗಿನಲ್ಲಿ ಬರುವವರಿಗೆ ಮೊದಲು ಕಾಣುತ್ತಿದ್ದದ್ದು ಈ ಹೋಟೆಲ್‌ನ ಗುಮ್ಮಟ. ಕಟ್ಟಡವನ್ನು ಹಿಂದು ಮುಂದಾಗಿ ಕಟ್ಟಿಬಿಟ್ಟರು ಅನ್ನುವ ಕಥೆ ಟ್ಯಾಕ್ಸಿಯವರು ಹೇಳುತ್ತಾರೆ, ಅದು ನಿಜವಲ್ಲ. ಮೊದಲು ಬಾಗಿಲು ಊರಿನ ಕಡೆಗಿತ್ತು, ರೂಮುಗಳಿಗೆ ಸಮುದ್ರ ಸಿಗಲಿ ಅಂತ. ಆ ಬಾಗಿಲಿದ್ದ ಕಡೆ ಈಗ ಈಜುಕೊಳ ಇದೆ.

ಪಕ್ಕದ ಎತ್ತರದ ಟವರ್ 1970ರ ದಶಕದ್ದು. ಎರಡೂ ಒಂದೇ ಹೋಟೆಲ್, ಬುಕ್ ಮಾಡುವಾಗ ಮಾತ್ರ ಬೇರೆ ಬೇರೆ. ಸುಮಾರು ಜನ ತಾಜ್ ಸಿಕ್ಕಿತು ಅಂತ ಖುಷಿಯಲ್ಲಿ ಬುಕ್ ಮಾಡಿ, ಬಂದ ಮೇಲೆ "ಅಯ್ಯೋ, ನಮ್ಮ ರೂಮ್ ಹೊಸ ಬಿಲ್ಡಿಂಗ್‌ನಲ್ಲಾ?" ಅನ್ನುತ್ತಾರೆ. ಪ್ಯಾಲೇಸ್ ವಿಂಗ್ ಅಂತ ಇದೆಯಾ, ಟವರ್ ಅಂತ ಇದೆಯಾ, ರೂಮಿನ ಹೆಸರಿನಲ್ಲೇ ನೋಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಕಟ್ಟಡವನ್ನು ಅನುಭವಿಸಲು ಬರುವವರು ಹಳೇ ವಿಂಗ್‌ಗೇ ಹೆಚ್ಚು ಕೊಡಲಿ. ಆ ನಡುವಿನ ಮೆಟ್ಟಿಲು, ಎತ್ತರದ ಕಾರಿಡಾರ್, ಮರದ ಕೆಲಸ, ಇವೆಲ್ಲ ಹೊಸ ಟವರ್‌ನಲ್ಲಿ ಸಿಗುವುದಿಲ್ಲ. ನೋಟವನ್ನು ಅನುಭವಿಸಲು ಬರುವವರು ಎತ್ತರದ ಟವರ್ ತೆಗೆದುಕೊಳ್ಳಲಿ. ನರಿಮನ್ ಪಾಯಿಂಟ್‌ನ ಟ್ರೈಡೆಂಟ್‌ಗೆ 35 ಅಂತಸ್ತು. ಅದೂ ಪಕ್ಕದ ಒಬೆರಾಯ್ ಕೂಡ ಒಂದೇ ಕಂಪನಿಯವು, ಮುಂದಿನ ಸಮುದ್ರ ಎರಡಕ್ಕೂ ಒಂದೇ. ಟ್ರೈಡೆಂಟ್ ದರ ಸಾಮಾನ್ಯವಾಗಿ ಕಡಿಮೆ. ರಾತ್ರಿ ಮೇಲಿನಿಂದ ನೋಡಿದರೆ ಮರೀನ್ ಡ್ರೈವ್‌ನ ದೀಪದ ಹಾರ ಕೊನೆಯವರೆಗೂ ಕಾಣುತ್ತದೆ.

ಹಳೇ ಕಟ್ಟಡದ ಕಷ್ಟಗಳನ್ನೂ ತಿಳಿದುಕೊಂಡಿರಿ. ಒಂದೇ ದರದ ಎರಡು ರೂಮುಗಳ ಅಳತೆ ಒಂದೇ ಇರಬೇಕಂತಿಲ್ಲ. ಲಿಫ್ಟ್‌ನಿಂದ ರೂಮಿಗೆ ದೂರ ನಡೆಯಬೇಕಾಗಬಹುದು. ಬಾತ್‌ರೂಮಿನಲ್ಲಿ ಮೆಟ್ಟಿಲು ಇರಬಹುದು, ಟಬ್ ಒಳಗೇ ಶವರ್ ಇರಬಹುದು. ಮಂಡಿ ನೋವಿನವರಿಗೆ ಟಬ್‌ನ ಅಂಚು ದಾಟುವುದೇ ದೊಡ್ಡ ಕೆಲಸ. ಇದನ್ನು ಯಾವ ವೆಬ್‌ಸೈಟೂ ಹೇಳುವುದಿಲ್ಲ, ಫೋನ್ ಮಾಡಿಯೇ ಕೇಳಬೇಕು.

ಟವರ್‌ಗಳ ಕಷ್ಟ ಒಂದೇ, ಕಿಟಕಿ ತೆರೆಯುವುದಿಲ್ಲ. ಕರಾವಳಿಯವರಿಗೆ ಸಮುದ್ರ ಅಂದರೆ ಗಾಳಿಯೂ ಸೇರಿ ಅಲ್ವಾ? ಗಾಜಿನ ಹಿಂದೆ ಎ.ಸಿ.ಯಲ್ಲಿ ಕೂತಾಗ ಅದು ಸಿಗುವುದಿಲ್ಲ. ಗಾಳಿಗೆ ಸಂಜೆ ಕೆಳಗಿಳಿದು ಕಟ್ಟೆ ಮೇಲೆ ಕೂರಬೇಕು, ಮನಸ್ಸಿನಲ್ಲಿ ಮೊದಲೇ ಸಿದ್ಧರಾಗಿ.

ರೂಮಿನ ಭಾಷೆ ಕಲಿಯಿರಿ

ಅಪ್ಪನ ಕತ್ತು ವಾಲಿದ್ದು ನನಗೆ ಈ ಭಾಷೆ ಗೊತ್ತಿಲ್ಲದ್ದರಿಂದ. ‘ಸೀ ಫೇಸಿಂಗ್’ ಅಂದರೆ ಕಿಟಕಿ ನೇರ ಸಮುದ್ರಕ್ಕೆ. ‘ಸೀ ವ್ಯೂ’ ಅಂದರೆ ಸಮುದ್ರ ಕಾಣುತ್ತದೆ ಅಷ್ಟೇ, ಎಲ್ಲಿಂದ, ಎಷ್ಟು ಅಂತ ಹೇಳಿಲ್ಲ. ‘ಪಾರ್ಶಿಯಲ್ ಸೀ ವ್ಯೂ’ ಅಂದರೆ ಮೂಲೆಯಲ್ಲಿ ನಿಂತರೆ ಕಂಡೀತು. ‘ಬೇ ವ್ಯೂ’, ‘ಓಶನ್ ವ್ಯೂ’, ‘ಹಾರ್ಬರ್ ವ್ಯೂ’ ಇವಕ್ಕೆಲ್ಲ ಪ್ರತಿ ಹೋಟೆಲ್‌ನಲ್ಲೂ ಬೇರೆ ಅರ್ಥ. ‘ಸಿಟಿ ವ್ಯೂ’ ಅಂದರೆ ಊರಿನ ಕಡೆ, ಅದು ರಸ್ತೆಯೂ ಆಗಬಹುದು, ಗೋಡೆಯೂ ಆಗಬಹುದು. ಪದಗಳನ್ನು ನಂಬಿ ದುಡ್ಡು ಕಟ್ಟಬೇಡಿ.

ನಾನು ಈಗ ಮಾಡುವುದು ಹೀಗೆ. ಆ್ಯಪ್‌ನಲ್ಲಿ ದರ ನೋಡುತ್ತೇನೆ, ಬುಕ್ ಮಾಡುವುದಿಲ್ಲ. ಹೋಟೆಲ್‌ನ ನಂಬರಿಗೇ ಫೋನ್ ಮಾಡಿ ರಿಸರ್ವೇಶನ್‌ನವರ ಹತ್ತಿರ ಮಾತಾಡುತ್ತೇನೆ. "ಹಾಸಿಗೆ ಮೇಲೆ ಕೂತರೆ ಸಮುದ್ರ ಕಾಣುತ್ತದಾ, ಕಿಟಕಿ ಹತ್ತಿರ ನಿಂತರೆ ಮಾತ್ರವಾ?" ಈ ಒಂದು ಪ್ರಶ್ನೆಗೆ ಅವರು ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ಆಮೇಲೆ ಎಷ್ಟನೇ ಅಂತಸ್ತು, ಮುಂದೆ ಮರ ಅಥವಾ ಕಟ್ಟಡ ಅಡ್ಡ ಇದೆಯಾ, ಮೇಲೆ ಕೆಳಗೆ ರಿಪೇರಿ ಕೆಲಸ ನಡೆಯುತ್ತಿದೆಯಾ, ಕೆಳಗೆ ಬ್ಯಾಂಕ್ವೆಟ್ ಹಾಲ್ ಇದೆಯಾ ಅಂತ. ಮದುವೆ ಸೀಸನ್‌ನಲ್ಲಿ ಕೊನೆಯ ಪ್ರಶ್ನೆ ಬಹಳ ಮುಖ್ಯ. ಎರಡು ಹಾಸಿಗೆ ಬೇಕಿದ್ದರೆ ‘ಟ್ವಿನ್’ ಅಂತ ಸ್ಪಷ್ಟವಾಗಿ ಹೇಳಿ. ಎರಡು ರೂಮ್ ತೆಗೆದುಕೊಳ್ಳುವುದಾದರೆ ನಡುವೆ ಬಾಗಿಲಿರುವ ‘ಕನೆಕ್ಟಿಂಗ್’ ರೂಮ್ ಕೇಳಿ. ರಾತ್ರಿ ಹಿರಿಯರು ಕರೆದರೆ ಕಾರಿಡಾರ್‌ಗೆ ಓಡುವುದು ತಪ್ಪುತ್ತದೆ.

ಮಾತಾಡಿದ್ದನ್ನೆಲ್ಲ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿ, ಅವರಿಂದ ‘ಹೌದು’ ಅಂತ ಉತ್ತರ ತರಿಸಿಕೊಳ್ಳಿ. ಯಾಕೆ ಬರುತ್ತಿದ್ದೀರಿ ಅನ್ನುವುದನ್ನೂ ಬರೆಯಿರಿ. ಅಪ್ಪ-ಅಮ್ಮನ 50ನೇ ಮದುವೆ ದಿನ ಅಂತ ಗೊತ್ತಾದರೆ ರೂಮ್ ಹಂಚುವವರು ಒಳ್ಳೆಯ ಮೂಲೆ ಹುಡುಕಲು ಮನಸ್ಸು ಮಾಡುತ್ತಾರೆ. ಈ ಊರಿನ ಹೋಟೆಲ್‌ಗಳಲ್ಲಿ ಕನ್ನಡ, ತುಳು ಮಾತಾಡುವವರು ಸಿಗುವುದು ಅಪರೂಪವಲ್ಲ. ಸಿಕ್ಕರೆ ಧೈರ್ಯವಾಗಿ ನಮ್ಮ ಭಾಷೆಯಲ್ಲೇ ಕೇಳಿ.

ಯಾವಾಗ ಬರಬೇಕು?

ನವೆಂಬರ್‌ನಿಂದ ಫೆಬ್ರವರಿ ಹವೆ ಚೆನ್ನಾಗಿರುತ್ತದೆ, ದರವೂ ಜಾಸ್ತಿ. ಹೊಸ ವರ್ಷದ ಹಿಂದಿನ ರಾತ್ರಿ ಗೇಟ್‌ವೇ, ಮರೀನ್ ಡ್ರೈವ್ ಎರಡೂ ಕಡೆ ಜನಸಾಗರ, ಗಾಡಿ ಒಳಗೆ ಬಿಡುವುದಿಲ್ಲ. ಜನವರಿಯ ಮ್ಯಾರಥಾನ್ ಭಾನುವಾರ ಬೆಳಿಗ್ಗೆಯೂ ರಸ್ತೆ ಬಂದ್. ಅನಂತ ಚತುರ್ದಶಿಯ ದಿನ ಗಣಪತಿ ವಿಸರ್ಜನೆಗೆ ಗಿರ್‌ಗಾಂವ್ ಚೌಪಾಟಿಯ ಸುತ್ತ ಓಡಾಡಲಾಗದು. ಅದನ್ನೇ ನೋಡಲು ಬರುವುದಾದರೆ ಬೇರೆ ಮಾತು.

ನನಗೆ ಇಷ್ಟ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ದರ ಇಳಿದಿರುತ್ತದೆ, ಪಶ್ಚಿಮ ದಡದಲ್ಲಿ ಸಮುದ್ರ ಬೇರೆಯೇ ರೂಪ ತಾಳುತ್ತದೆ. ಭರತದ (ಸಮುದ್ರ ಉಬ್ಬುವ) ಹೊತ್ತಿಗೆ ಮರೀನ್ ಡ್ರೈವ್‌ನ ಕಲ್ಲುಗಳಿಗೆ ಬಡಿದ ತೆರೆ ಕಟ್ಟೆ ದಾಟಿ ರಸ್ತೆಗೇ ಬೀಳುತ್ತದೆ. ದೊಡ್ಡ ಭರತದ ದಿನಗಳನ್ನು, ಹೊತ್ತನ್ನು ಮಹಾನಗರ ಪಾಲಿಕೆ ಮೊದಲೇ ತಿಳಿಸುತ್ತದೆ. ಅದನ್ನು ನೋಡಿ ದಿನ ಗೊತ್ತು ಮಾಡಿಕೊಂಡರೆ ರೂಮಿನಿಂದಲೇ, ಒದ್ದೆಯಾಗದೆ, ಆ ಆಟ ನೋಡಬಹುದು. ಆದರೆ ಗೇಟ್‌ವೇಯಿಂದ ಬಂದರಿನ ಆಚೆ ದಡದ ಮಾಂಡ್ವಾಕ್ಕೆ ಹೋಗುವ ಲಾಂಚ್‌ಗಳು ಮಳೆಗಾಲದಲ್ಲಿ ನಿಲ್ಲುತ್ತವೆ. ಗಾಜಿನ ಹೊರಗೆ ಉಪ್ಪಿನ ಪದರ ಕಟ್ಟಿ ನೋಟ ಮಬ್ಬಾಗುವುದೂ ಉಂಟು.

ಇನ್ನೊಂದು: ನರಿಮನ್ ಪಾಯಿಂಟ್ ಆಫೀಸುಗಳ ಜಾಗ. ಕೆಲಸದ ಮೇಲೆ ಬರುವವರು ಶುಕ್ರವಾರ ಹೊರಟುಹೋಗುತ್ತಾರೆ. ಹಾಗಾಗಿ ಶನಿವಾರ, ಭಾನುವಾರದ ದರ ಒಮ್ಮೊಮ್ಮೆ ಕಡಿಮೆ ಸಿಗುತ್ತದೆ. ವಾರದ ನಡುವಿನ ದರ, ವಾರಾಂತ್ಯದ ದರ ಎರಡೂ ತೂಗಿ ನೋಡಿ. ಎಲಿಫೆಂಟಾ ಗುಹೆಗಳು ಸೋಮವಾರ ಮುಚ್ಚಿರುತ್ತವೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ದುಡ್ಡಿನ ಲೆಕ್ಕ

ಪರದೆ ಮೇಲೆ ಕಾಣುವ ದರ ಬಹಳ ಸಲ ತೆರಿಗೆ ಸೇರದ ದರ. ಒಂದು ರಾತ್ರಿಗೆ 7,500 ರೂಪಾಯಿ ದಾಟಿದ ರೂಮಿಗೆ ಜಿ.ಎಸ್.ಟಿ. ಶೇ. 18. ಅಂದರೆ 20,000ದ ರೂಮ್ 23,600 ಆಗುತ್ತದೆ, ಎರಡು ರಾತ್ರಿಗೆ 47,200. ಇಷ್ಟು ದರದ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ಗಳಲ್ಲೂ ಊಟದ ಮೇಲೆ ಶೇ. 18 ಬೀಳುತ್ತದೆ. ಹಾಗಾಗಿ ತಿಂಡಿ ಸೇರಿದ ದರವನ್ನೂ ಕೇಳಿ ನೋಡಿ. ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಅಂತ ಹೇಳುವ ಹಕ್ಕು ನಿಮಗಿದೆ.

ಆ್ಯಪ್ ದರ ಕೈಯಲ್ಲಿಟ್ಟುಕೊಂಡು ಹೋಟೆಲ್‌ಗೇ ಕೇಳಿದರೆ ಅದೇ ದರಕ್ಕೆ ತಿಂಡಿ ಸೇರಿಸಿ ಕೊಡುವುದುಂಟು. ದೊಡ್ಡ ಹೋಟೆಲ್‌ಗಳ ಸದಸ್ಯತ್ವಕ್ಕೆ ದುಡ್ಡಿಲ್ಲ, ಹೆಸರು ಕೊಟ್ಟರೆ ಸದಸ್ಯರ ದರ ಕಾಣುತ್ತದೆ. ತೀರಾ ಅಗ್ಗದ ದರ ಕಂಡರೆ ‘ನಾನ್ ರಿಫಂಡೆಬಲ್’ ಅಂತ ಇದೆಯಾ ನೋಡಿ. ಹಿರಿಯರ ಜೊತೆ ಹೊರಡುವವರು ಅದನ್ನು ಮುಟ್ಟಲೇಬೇಡಿ. ಚೆಕ್-ಇನ್ ಹೊತ್ತಿಗೆ ಕಾರ್ಡ್‌ನಲ್ಲಿ ಡೆಪಾಸಿಟ್ ಅಂತ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳುತ್ತಾರೆ, ಅದು ವಾಪಸ್ ಬರಲು ಕೆಲವು ದಿನ ಬೇಕು. ಕಾರ್ಡ್‌ನಲ್ಲಿ ಅಷ್ಟು ಜಾಗ ಇರಲಿ.

ಬಜೆಟ್ ಸಾಲದಿದ್ದರೆ ಎರಡು ರಾತ್ರಿ ಗೋಡೆ ಕಾಣುವ ರೂಮಿಗಿಂತ ಒಂದೇ ರಾತ್ರಿ ಸಮುದ್ರದ ಎದುರು ಇರಿ. ಇನ್ನೊಂದು ರಾತ್ರಿ ಫೋರ್ಟ್‌ನ ಒಂದು ಸಾಧಾರಣ, ಚೊಕ್ಕ ಲಾಡ್ಜ್‌ನಲ್ಲಿ. ಅಷ್ಟೂ ಆಗದಿದ್ದರೆ ತಾಜ್‌ನ ಸೀ ಲೌಂಜ್‌ನಲ್ಲಿ ಮೊದಲೇ ಟೇಬಲ್ ಹೇಳಿಟ್ಟು ಸಂಜೆಯ ಚಹಾ ಕುಡಿಯಬಹುದು, ಅಲ್ಲಿ ಉಳಿದಿರಬೇಕಂತಿಲ್ಲ. ಕಿಟಕಿ ಪಕ್ಕದ ಟೇಬಲ್ ಕೇಳಿ.

ಊಟ

ಐದು ಸ್ಟಾರ್ ತಿಂಡಿಯಲ್ಲಿ ಇಡ್ಲಿ, ದೋಸೆ ಇರುತ್ತದೆ. ಅಮ್ಮಂದಿರು ಒಂದು ದಿನ ಸಂತೋಷವಾಗಿ ತಿನ್ನುತ್ತಾರೆ, ಎರಡನೇ ದಿನ ಮೊಸರನ್ನ ಕೇಳುತ್ತಾರೆ. ಕೇಳಿದರೆ ಮಾಡಿಕೊಡುತ್ತಾರೆ, ಸಂಕೋಚ ಬೇಡ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆಗೆ ‘ಜೈನ್’ ಅಂದರೆ ಮುಂಬೈಯ ಯಾವ ಅಡುಗೆಮನೆಗೂ ಅರ್ಥವಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಫೋರ್ಟ್‌ನ ಉಡುಪಿ ಹೋಟೆಲ್‌ಗಳಿವೆ. ಬಾಳೆಲೆ ಊಟ ಬೇಕೆಂದರೆ ಟ್ಯಾಕ್ಸಿ ಹಿಡಿದು ಮಾಟುಂಗಾಕ್ಕೆ ಹೋಗಿ, ಸ್ಟೇಷನ್ ಹತ್ತಿರದ ರಾಮಾ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಉಣಿಸುತ್ತಿದೆ.

ಬರುವ ದಾರಿ, ಬಂದ ಮೇಲೆ

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ಸಿ.ಎಸ್.ಎಂ.ಟಿ.ಯಲ್ಲೇ ಇಳಿಯುತ್ತೀರಿ, ಅಲ್ಲಿಂದ ಕೊಲಾಬಾ ಹತ್ತಿರ. ಮತ್ಸ್ಯಗಂಧದಲ್ಲಿ ಬಂದರೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್, ಅಲ್ಲಿಂದ ದಕ್ಷಿಣ ಮುಂಬೈ ದೂರ, ಟ್ಯಾಕ್ಸಿಯೇ ಬೇಕು. ದಕ್ಷಿಣ ಮುಂಬೈಯಲ್ಲಿ ಆಟೋ ಇಲ್ಲ ಅನ್ನುವುದು ನೆನಪಿರಲಿ. ಸಾಂತಾಕ್ರೂಜ್-ಅಂಧೇರಿ ಕಡೆಯ ವಿಮಾನ ನಿಲ್ದಾಣದಿಂದ ಭೂಮಿಯ ಕೆಳಗಿನ ಮೆಟ್ರೊ 3 ಈಗ ಕಫ್ ಪರೇಡ್‌ವರೆಗೂ ಓಡುತ್ತದೆ. ನರಿಮನ್ ಪಾಯಿಂಟ್‌ಗೆ ವಿಧಾನ ಭವನ ಸ್ಟೇಷನ್ ಹತ್ತಿರ. ಸಾಮಾನು ಕಡಿಮೆ ಇದ್ದರೆ ಇದೇ ಒಳ್ಳೆಯದು. ಹೆಚ್ಚಿದ್ದರೆ ಟ್ಯಾಕ್ಸಿಯವರಿಗೆ ಸೀ ಲಿಂಕ್, ಕೋಸ್ಟಲ್ ರೋಡ್ ಮೇಲೆ ಹೋಗಲು ಹೇಳಿ. ಮುಂಬೈಯ ಮೊದಲ ನೋಟವೇ ಸಮುದ್ರದ ನಡುವಿನಿಂದ ಸಿಗುತ್ತದೆ.

ಬಾಗಿಲಲ್ಲಿ ಗಾಡಿ, ಚೀಲ ಎಲ್ಲ ತಪಾಸಣೆ ಮಾಡುತ್ತಾರೆ. 2008ರ ನವೆಂಬರ್ 26ರ ದಾಳಿಯಲ್ಲಿ ತಾಜ್, ಒಬೆರಾಯ್, ಟ್ರೈಡೆಂಟ್ ಮೂರೂ ಸಿಕ್ಕಿಕೊಂಡಿದ್ದವು. ಆ ತಪಾಸಣೆಗೆ ಬೇಸರಪಡಬೇಡಿ. ಪ್ರತಿಯೊಬ್ಬ ದೊಡ್ಡವರ ಆಧಾರ್ ಅಥವಾ ವೋಟರ್ ಕಾರ್ಡ್ ಜೊತೆಗಿರಲಿ, ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲವಾದ್ದರಿಂದ ಅದನ್ನು ಒಪ್ಪುವುದಿಲ್ಲ. ವಿದೇಶದಿಂದ ಬಂದವರಿಗೆ ಪಾಸ್‌ಪೋರ್ಟ್.

ರೂಮಿನ ಒಳಗೆ ಹೋದ ಕೂಡಲೇ ಚೀಲ ಬಿಚ್ಚಬೇಡಿ. ಮೊದಲು ಪರದೆ ಸರಿಸಿ. ಹಾಸಿಗೆ ಮೇಲೆ ಕೂತು ನೋಡಿ. ಬಾತ್‌ರೂಮಿನ ಮೆಟ್ಟಿಲು, ಟಬ್ ನೋಡಿ. ಹೇಳಿದ ಹಾಗಿಲ್ಲದಿದ್ದರೆ ಆಗಲೇ ಫ್ರಂಟ್ ಡೆಸ್ಕಿಗೆ ಹೋಗಿ ಆ ಇಮೇಲ್ ತೋರಿಸಿ. ಸಮಾಧಾನವಾಗಿ, ಆದರೆ ಗಟ್ಟಿಯಾಗಿ ಹೇಳಿ. ಮಂಚದ ಮೇಲೆ ಬಟ್ಟೆ ಹರಡಿದ ಮೇಲೆ ರೂಮ್ ಬದಲಾಯಿಸುವುದು ಕಷ್ಟ. ನಾನು ಅಪ್ಪನಿಗಾಗಿ ಅವತ್ತು ಇಷ್ಟನ್ನು ಮಾಡಲಿಲ್ಲ.

ಬಿಲ್‌ನ ಪ್ರತಿ ಹೊರಡುವ ಹಿಂದಿನ ರಾತ್ರಿಯೇ ತರಿಸಿ ಓದಿಕೊಳ್ಳಿ. ಬೆಳಿಗ್ಗೆಯ ಹೊತ್ತು ಕೌಂಟರ್ ಮುಂದೆ ನಿಂತು ಕಳೆಯುವುದು ಬೇಡ. ಮುಂಬೈಯಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು 7 ಗಂಟೆ ಹೊತ್ತಿಗೆ, ಜೂನ್‌ನಲ್ಲಿ 6ಕ್ಕೆ. ಪೂರ್ವದ ದಡದಲ್ಲಿದ್ದರೆ ಅದಕ್ಕೆ ಅರ್ಧ ಗಂಟೆ ಮೊದಲೇ ಅಲಾರಾಂ ಇಡಿ. ಮಾವನಿಗೆ ಅಲಾರಾಂ ಬೇಕಿರಲಿಲ್ಲ. ನಾವು ಕಣ್ಣು ಬಿಡುವಷ್ಟರಲ್ಲಿ ಅವರು ಚಹಾ ಮಾಡಿಕೊಂಡು ಕಿಟಕಿಯ ಮುಂದೆ ನೇರ ಕೂತಿದ್ದರು, ಮೊದಲ ಲಾಂಚ್ ಇನ್ನೂ ದಡ ಬಿಟ್ಟಿರಲಿಲ್ಲ.